ಕ್ವಾರಿ ಲೀಸ್ ಕೊಡುವ ಮುಂಚೆ ಒಮ್ಮೆ ಗುಡ್ಡ ಸುತ್ತಿ ಬನ್ನಿ

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಸೋದರಮಾವ ಸಂಗನಕಲ್ಲು-ಕುಪ್ಪಗಲ್ಲು ಕಡೆಯ ಹಿರೇಗುಡ್ಡಕ್ಕೆ ಕರೆದುಕೊಂಡು ಹೋಗಿದ್ದರು. ಬಳ್ಳಾರಿ ಪೇಟೆಯಿಂದ ಕೆಲವೇ ಕಿಲೋಮೀಟರ್. ಮೇಲೆ ಕರಿಕಲ್ಲಿನ ಬಂಡೆಗಳ ಸಾಲು. ಒಂದು ಬಂಡೆಯ ಮೇಲೆ ಸಣ್ಣ ಸಣ್ಣ ಗುಳಿ, ಬಡಿದು ಬಡಿದು ನುಣ್ಣಗಾಗಿದ್ದವು. "ಮೆಲ್ಲಗೆ ಬಡಿಯೋ" ಅಂತ ಮಾವ ಒಂದು ಕಲ್ಲು ಕೈಗೆ ಕೊಟ್ಟರು. ಬಡಿದೆ. ಟಣ್ ಅಂತು. ದೇವಸ್ಥಾನದ ಗಂಟೆಯ ಹಾಗೆ! ಪಕ್ಕದ ಬಂಡೆಗಳಲ್ಲಿ ಡುಬ್ಬದ, ಉದ್ದ ಕೊಂಬಿನ ಎತ್ತುಗಳು. ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳು.

(ಈಗ ಯಾರೂ ಹೋಗಿ ಬಡಿಯಬೇಡಿ, ದಯವಿಟ್ಟು. ಆಗ ನಮಗೆ ತಿಳುವಳಿಕೆ ಇರಲಿಲ್ಲ.)

ಈ ಬಂಡೆಗಳ ವಿಷಯ 1892ರಲ್ಲೇ ಅಚ್ಚಾಗಿತ್ತು. ಆಮೇಲೆ ಹೆಚ್ಚಿನವರು ಮರೆತರು. ಸುಮಾರು 2002ರ ಹೊತ್ತಿಗೆ ನಿಕೋಲ್ ಬೊಯ್ವಿನ್ ಎಂಬ ಸಂಶೋಧಕಿ ಮತ್ತೆ ಅಲ್ಲಿ ಕೆಲಸ ಶುರು ಮಾಡಿದರು. 2004ರಲ್ಲಿ ಅವರು ಬರೆದಾಗ ಒಂದು ಮಾತನ್ನು ಎಲ್ಲರೂ ಗಮನಿಸಿದರು. ಹತ್ತಿರದ ಗ್ರಾನೈಟ್ ಕ್ವಾರಿಯಿಂದ ಈ ಜಾಗಕ್ಕೇ ಅಪಾಯ ಇದೆ ಅನ್ನುವುದು. ನೂರು ವರ್ಷ ಮರೆತಿದ್ದಕ್ಕೆ ಬಂಡೆಗೇನೂ ಆಗಿರಲಿಲ್ಲ. ಆದರೆ ಮದ್ದು ಇಟ್ಟು ಸಿಡಿಸಿದರೆ ಒಂದು ಮಧ್ಯಾಹ್ನ ಸಾಕು, ಅಲ್ವಾ?

ಆ ಗುಡ್ಡದಲ್ಲಿ ಇರುವುದು ಚಿತ್ರ ಮಾತ್ರ ಅಲ್ಲ. ಅಲ್ಲಿ ಕಲ್ಲಿನ ಕೊಡಲಿ ತಯಾರಾಗುತ್ತಿತ್ತು. ಮೂರು ಸಾವಿರ ವರ್ಷಕ್ಕೂ ಹಿಂದಿನ ಮಾತು. ಅದೇ ಕರಿಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ, ಬಂಡೆಗೆ ಉಜ್ಜಿ ನುಣುಪು ಮಾಡುತ್ತಿದ್ದರು. ಉಜ್ಜಿದ ಜಾಗದಲ್ಲಿ ಬಂಡೆ ಸವೆದು ತೋಡು ಬಿದ್ದಿದೆ. ಅರ್ಧ ಮಾಡಿ ಬಿಸಾಡಿದ ಕೊಡಲಿ, ಚಕ್ಕೆಗಳ ರಾಶಿ, ಎಲ್ಲ ಇತ್ತು. ಕ್ವಾರಿ ಕೆಲಸದವರ ಕಣ್ಣಿಗೆ ಅದು ಸುಮ್ನೆ ಕಲ್ಲುಚೂರು. ಅವರದೇನೂ ತಪ್ಪಿಲ್ಲ, ಯಾರೂ ಹೇಳಿಕೊಟ್ಟಿಲ್ಲ. ನಮ್ಮಜ್ಜಿ ಇಂಥ ಕೊಡಲಿಯನ್ನು ಸಿಡಿಲ ಕಲ್ಲು ಅನ್ನುತ್ತಿದ್ದರು, ಬೇವಿನ ಮರದ ಕೆಳಗಿಟ್ಟು ಅರಿಶಿನ ಹಚ್ಚುತ್ತಿದ್ದರು. ಅಜ್ಜಿಗೆ ಕಾಲ ಗೊತ್ತಿರಲಿಲ್ಲ, ಆದರೆ ಅದು ಬರೀ ಕಲ್ಲಲ್ಲ ಅಂತ ಗೊತ್ತಿತ್ತು.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಕೊಡಲಿಯಲ್ಲ, ಕಾಳು. ಉತ್ಖನನದಲ್ಲಿ ತೆಗೆದ ಮಣ್ಣನ್ನು ನೀರಿಗೆ ಹಾಕಿ ಕದಡುತ್ತಾರೆ. ಮಣ್ಣು ತಳಕ್ಕೆ ಇಳಿಯುತ್ತದೆ, ಸುಟ್ಟು ಕರಿಯಾದ ಕಾಳು ಮೇಲೆ ತೇಲುತ್ತದೆ. ಅದನ್ನು ಜರಡಿಯಲ್ಲಿ ಹಿಡಿದು ನೆರಳಲ್ಲಿ ಒಣಗಿಸುತ್ತಾರೆ. ಹಾಗೆ ಇಲ್ಲಿ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ. ನಾವು ಇವತ್ತೂ ಬಸಿದು ಸಾರು ಮಾಡುವ ಅದೇ ಹುರುಳಿ! ಈಗ ಸಿರಿಧಾನ್ಯ ಮೇಳದಲ್ಲಿ ದುಡ್ಡು ಕೊಟ್ಟು ತರುವ ಕೊರಲೆ ಆಗ ಅವರ ದಿನದ ಊಟ. ಈ ಕಾಳು ಸಾಸಿವೆಗಿಂತ ಚೂರು ದೊಡ್ಡದು, ಮಣ್ಣಿನೊಳಗೆ ಇರುತ್ತದೆ. ಜೀಪಿನಲ್ಲಿ ಕೂತು ನೋಡಿದರೆ ಕಾಣುತ್ತದಾ?

ಹಾಗಾಗಿಯೇ ಈ ಬರಹ. ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಂದು ಕ್ವಾರಿಯ ಪರಿಸರ ವರದಿ ನನ್ನ ಕೈಗೆ ಸಿಕ್ಕಿತ್ತು. ನೀರು, ಗಾಳಿ, ಧೂಳು, ಗಿಡ ಎಲ್ಲದಕ್ಕೂ ಪುಟಗಟ್ಟಲೆ ಬರೆದಿದ್ದರು. ಹಳೆಯ ನೆಲೆಗಳ ಬಗ್ಗೆ ಒಂದೇ ಸಾಲು: ಸುತ್ತಮುತ್ತ ಯಾವುದೇ ಸ್ಮಾರಕ ಇಲ್ಲ. ಆ ಕ್ವಾರಿಯಿಂದ ಹತ್ತು ನಿಮಿಷ ನಡೆದರೆ ಬೂದಿದಿಬ್ಬ. ಹುಡುಗರು ಅದರ ಪಕ್ಕದಲ್ಲೇ ಕ್ರಿಕೆಟ್ ಆಡುತ್ತಾರೆ. ಓದಿ ನನಗೆ ನಿದ್ದೆ ಬರಲಿಲ್ಲ.

ಬೂದಿದಿಬ್ಬ ಅಂದರೆ ಏನು ಅಂತ ಕೇಳುವವರಿಗೆ: ಹೊಸ ಶಿಲಾಯುಗದ ದನಗಾಹಿಗಳು ಸಗಣಿಯನ್ನು ಒಟ್ಟಿ ಮತ್ತೆ ಮತ್ತೆ ಸುಟ್ಟು ಆದ ದಿಬ್ಬ. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತೇ ಸಿಕ್ಕಿತ್ತು. ಹಂಪಿ ಪಕ್ಕದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ಎಷ್ಟೋ ಕಡೆ ಈ ಬೂದಿ ಗೊಬ್ಬರ ಅಂತ ಗಾಡಿಯಲ್ಲಿ ಹೊಲಕ್ಕೆ ಹೋಗಿದೆ.

ಕಾನೂನು ಇಲ್ವಾ ಅಂತ ಕೇಳುತ್ತೀರಿ. ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಆದರೆ ಇದು ಪಟ್ಟಿಯಲ್ಲಿ ಹೆಸರಿರುವ ಜಾಗಕ್ಕೆ. ಪಟ್ಟಿಗೆ ಬಾರದ ದಿಬ್ಬಕ್ಕೆ ಯಾರು ದಿಕ್ಕು? ಹಿರೇಗುಡ್ಡದಂಥ ಕಡೆ 100 ಮೀಟರ್ ಗೆರೆ ಎಳೆದರೂ ಸಾಲದು. ಕೊಡಲಿ ಮಾಡುವ ಜಾಗ ಒಂದು ಕಡೆ, ಮನೆ ಇನ್ನೊಂದು ಕಡೆ, ಎತ್ತಿನ ಚಿತ್ರ ಮತ್ತೊಂದು ಕಡೆ. ಎಲ್ಲ ಸೇರಿ ಒಂದು ಊರು. ಅಡುಗೆಮನೆ ಉಳಿಸಿ ಹಿತ್ತಲು ಒಡೆದರೆ ಮನೆ ಉಳಿಯಿತು ಅನ್ನುತ್ತೀವಾ?

ಗಣಿಯವರು ಇದನ್ನು ಅರ್ಥ ಮಾಡಿಕೊಳ್ಳಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಳ್ಳಾರಿ ಸೀಮೆಯ ಕೊಡಲಿಗಳನ್ನು ಮೊದಲು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿ. ಬಳ್ಳಾರಿಯ ಮ್ಯೂಸಿಯಂಗೆ ಅವರದೇ ಹೆಸರಿದೆ. 1915ರಲ್ಲಿ ಮಸ್ಕಿಯ ಅಶೋಕನ ಶಾಸನವನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಸಮೇತ ತಿಳಿದದ್ದು ಆ ಬಂಡೆಯಿಂದ. ಕಣ್ಣಿದ್ದ ಒಬ್ಬ ಎಂಜಿನಿಯರ್ ಗುಡ್ಡದಲ್ಲಿ ನಡೆದದ್ದರಿಂದ ನಮಗೆ ಅಶೋಕನ ಹೆಸರು ಸಿಕ್ಕಿತು ಅಂದಮೇಲೆ, ಅಂಥ ಕಣ್ಣನ್ನು ಈಗ ಯಾಕೆ ಬೇಡ ಅನ್ನಬೇಕು?

ಸರ್ವೆ ಮಾಡಿದರಷ್ಟೇ ಸಾಲದು ಅನ್ನುವುದಕ್ಕೂ ಉದಾಹರಣೆ ಇದೆ. ಆಸ್ಟ್ರೇಲಿಯಾದ ಜುಕಾನ್ ಕಣಿವೆಯ ಗುಹೆಗಳಲ್ಲಿ 46,000 ವರ್ಷ ಹಿಂದೆಯೇ ಜನ ಇದ್ದರು. ಕಬ್ಬಿಣದ ಅದಿರಿಗಾಗಿ ಅವನ್ನು ಒಡೆಯಲು ಗಣಿ ಕಂಪನಿಗೆ 2013ರಲ್ಲೇ ಅನುಮತಿ ಸಿಕ್ಕಿತ್ತು. 2014ರಲ್ಲಿ ಅಗೆದು ನೋಡಿದಾಗ ಸಾವಿರಾರು ವಸ್ತು ಸಿಕ್ಕವು. 4,000 ವರ್ಷ ಹಳೆಯ, ಕೂದಲಿನಿಂದ ಹೆಣೆದ ಪಟ್ಟಿಯ ಚೂರು ಕೂಡ. ಅದು ಇವತ್ತಿಗೂ ಅಲ್ಲಿರುವ ಮೂಲನಿವಾಸಿಗಳ ಪೂರ್ವಜರದೇ. ಆದರೂ 2020ರ ಮೇ ತಿಂಗಳಲ್ಲಿ ಸಿಡಿಸಿಬಿಟ್ಟರು. ಅನುಮತಿ ಮೊದಲು, ನೋಡುವುದು ಆಮೇಲೆ ಅಂದರೆ ಹೀಗೇ ಆಗುವುದು.

ನಾನು ಕ್ವಾರಿ ಬೇಡ ಅನ್ನುತ್ತಿಲ್ಲ. ನಮ್ಮ ಮನೆ ಪಾಯದ ಕಲ್ಲೂ, ಊರ ರಸ್ತೆಯ ಜಲ್ಲಿಯೂ ಅಲ್ಲಿಯದೇ. ನೂರಾರು ಮನೆ ಆ ಕೂಲಿಯಲ್ಲಿ ನಡೆಯುತ್ತವೆ. ಕೇಳುತ್ತಿರುವುದು ಇಷ್ಟೇ. ಲೀಸ್ ಅರ್ಜಿ ಬಂದಾಗಲೇ, ಸಹಿ ಆಗುವ ಮುಂಚೆ, ಪುರಾತತ್ವ ಗೊತ್ತಿರುವ ನಾಲ್ಕು ಜನ ಸಾಲಾಗಿ ನಿಂತು ಇಡೀ ಗುಡ್ಡ ನಡೆಯಲಿ. ಸುಗ್ಗಿ ಮುಗಿದ ಮೇಲೆ ಹೋಗಲಿ, ನೆಲ ಬರಿದಾಗಿರುತ್ತದೆ, ಮಡಕೆ ಚೂರು ಕಾಣುತ್ತದೆ. ಜೊತೆಗೆ ಕುರಿ ಕಾಯುವವರೊಬ್ಬರನ್ನು ಕರೆದುಕೊಂಡು ಹೋಗಲಿ. ಯಾವ ಬಂಡೆಯ ಸಂದಿಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಮ್ಯಾಪಿಗೂ ಗೊತ್ತಿಲ್ಲ. ವರದಿಯನ್ನು ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಊರವರು ಓದಿ "ಇದೊಂದು ಬಿಟ್ಟಿದ್ದೀರಿ ಸ್ವಾಮಿ" ಅನ್ನಲಿಕ್ಕೆ ಸಮಯ ಇರಲಿ.

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮೂರಲ್ಲಿ ಬೂದಿದಿಬ್ಬವೋ ಚಿತ್ರದ ಬಂಡೆಯೋ ಇದ್ದು, ಹತ್ತಿರದಲ್ಲಿ ಕ್ವಾರಿ ಇದ್ದರೆ ಫೋಟೋ ತೆಗೆದು ಇನ್‌ಬಾಕ್ಸಿಗೆ ಕಳಿಸಿ. ಜಾಗದ ಹೆಸರು ಮಾತ್ರ ಇಲ್ಲಿ ಎಲ್ಲರೆದುರು ಹಾಕಬೇಡಿ, ನಿಧಿ ಅಗೆಯುವವರೂ ಓದುತ್ತಿರುತ್ತಾರೆ. ಸಿಕ್ಕಿದ್ದನ್ನೆಲ್ಲ ಒಂದು ಪಟ್ಟಿ ಮಾಡಿ, ನಾಲ್ಕೈದು ಜನ ಸೇರಿ ಮುಂದಿನ ತಿಂಗಳು ಡಿಸಿ ಆಫೀಸಿಗೆ ಕೊಟ್ಟು ಬರೋಣ ಅಂತಿದ್ದೇವೆ.