ಷಾರ್ಲೆಟ್‌ಳನ್ನು ಹಳಿಯುವ ಮುನ್ನ

ನಿನ್ನೆ ಸಂಜೆ ನಮ್ಮ ಓದುಗರ ಕೂಟದಲ್ಲಿ ಜೇನ್ ಆಸ್ಟೆನ್‌ಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಕುರಿತು ಮಾತನಾಡಿದ ಹಿರಿಯರೊಬ್ಬರು, ನಾಯಕಿಯ ಗೆಳತಿ ಷಾರ್ಲೆಟ್ ಲೂಕಸ್‌ಳನ್ನು 'ಒಂದು ಮನೆಗಾಗಿ ತನ್ನನ್ನು ಮಾರಿಕೊಂಡವಳು' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿ, ನಾಯಕಿ ಎಲಿಜಬೆತ್ ಮತ್ತು ನಾಯಕ ಡಾರ್ಸಿಯರದು ಮಾತ್ರ 'ಹಣದ ಸೋಂಕಿಲ್ಲದ ನಿರ್ಮಲ ಪ್ರೇಮ' ಎಂದು ಕೊಂಡಾಡಿದರು. ಚಪ್ಪಾಳೆಯೂ ಬಿತ್ತು. ನಾನು ಕಾಫಿ ಕುಡಿದು ಸುಮ್ಮನೆ ಎದ್ದು ಬಂದೆ. ಹಾಗೆ ಬಂದದ್ದಕ್ಕೆ ರಾತ್ರಿಯೆಲ್ಲ ನನ್ನ ಮೇಲೆಯೇ ಸಿಟ್ಟು ಬಂದುದರಿಂದ ಇದನ್ನು ಬರೆಯುತ್ತಿದ್ದೇನೆ.

ಬ್ಯಾಂಕಿನ ಠೇವಣಿ ವಿಭಾಗದಲ್ಲಿ ಕೂತು ಕೂದಲು ಬೆಳ್ಳಗಾಗಿಸಿಕೊಂಡವಳು ನಾನೆಂಬುದು ನಿಮಗೆಲ್ಲ ಗೊತ್ತೇ ಇದೆ. ಹಣದ ಸೋಂಕಿಲ್ಲ ಎಂದು ಯಾರಾದರೂ ಹೇಳಿದರೆ ನನ್ನ ಕೈ ತಾನಾಗಿ ಲೆಡ್ಜರಿನತ್ತ ಹೋಗುತ್ತದೆ. 1813ರಲ್ಲಿ ಪ್ರಕಟವಾದ ಈ ಕಾದಂಬರಿಯಂತೂ ಒಂದು ಲೆಡ್ಜರೇ ಸರಿ. ಡಾರ್ಸಿ ನೃತ್ಯಕೂಟಕ್ಕೆ ಕಾಲಿಟ್ಟ ಐದು ನಿಮಿಷದೊಳಗೆ ಅವನ ವರಮಾನ ವರ್ಷಕ್ಕೆ 10,000 ಪೌಂಡ್ ಎಂಬ ಸುದ್ದಿ ಕೋಣೆಯ ತುಂಬ ಹರಡಿರುತ್ತದೆ. ಅವನ ಗೆಳೆಯ ಬಿಂಗ್ಲಿಗೆ ತಂದೆಯಿಂದ ಬಂದದ್ದು ಹತ್ತಿರಹತ್ತಿರ 1,00,000 ಪೌಂಡ್, ವರ್ಷದ ಆದಾಯ ನಾಲ್ಕೈದು ಸಾವಿರ. ಶೇಕಡಾ ನಾಲ್ಕೈದರ ಬಡ್ಡಿ ಕಟ್ಟಿ ನೋಡಿ, ತಾಳೆಯಾಗುತ್ತದೆ. ಆ ಹಣ ಬಂದದ್ದು ವ್ಯಾಪಾರದಿಂದ ಎಂಬುದನ್ನು ಅನುಕೂಲಕ್ಕೆ ತಕ್ಕಂತೆ ಮರೆತ ಅವನ ಅಕ್ಕತಂಗಿಯರು, ಎಲಿಜಬೆತ್‌ಳ ಸೋದರಮಾವ ಲಂಡನ್ನಿನ ಚೀಪ್‌ಸೈಡ್ ಕಡೆಯ ವ್ಯಾಪಾರಿ ಎಂದು ಕೇಳಿ ಬಿದ್ದು ಬಿದ್ದು ನಗುತ್ತಾರೆ.

ಇನ್ನು ಎಲಿಜಬೆತ್. ಅವಳ ತಂದೆಯ ಆಸ್ತಿ ಗಂಡು ವಾರಸುದಾರನಿಗೆ ಮಾತ್ರ ಹೋಗುವಂಥದ್ದು, ಆ ವಾರಸುದಾರನೇ ಪಾದ್ರಿ ಕಾಲಿನ್ಸ್. ಅವಳ ಪಾಲಿಗೆ ಉಳಿಯುವುದು ನಾಲ್ಕು ಪರ್ಸೆಂಟಿನ 1,000 ಪೌಂಡ್, ಅದೂ ತಾಯಿ ತೀರಿಕೊಂಡ ಮೇಲೆ. ಅಂದರೆ ವರ್ಷಕ್ಕೆ 40 ಪೌಂಡ್. ಈ ಲೆಕ್ಕವನ್ನು ಅವಳಿಗೆ ಒಪ್ಪಿಸುವವನು ಸ್ವತಃ ಕಾಲಿನ್ಸ್, ಮದುವೆಯ ಪ್ರಸ್ತಾಪ ಮಾಡುತ್ತಿರುವಾಗಲೇ! ನಮ್ಮ ಶಾಖೆಯಲ್ಲಿ ಸಾಲ ಕೊಡುವ ಮೊದಲೂ ಯಾರೂ ಗ್ರಾಹಕರಿಗೆ ಇಷ್ಟು ಕಟುವಾಗಿ ಮಾತನಾಡಿದ್ದಿಲ್ಲ.

ಅವಳು ನಿರಾಕರಿಸಿದ ಆ ಕಾಲಿನ್ಸ್‌ನನ್ನು ಷಾರ್ಲೆಟ್ ಒಪ್ಪಿದಳು. ವಯಸ್ಸು 27, ರೂಪವಿಲ್ಲ, ತಂದೆಗೆ 'ಸರ್' ಎಂಬ ಬಿರುದಿದೆಯೇ ಹೊರತು ಮಕ್ಕಳಿಗೆ ಕೊಡಲು ಹೆಚ್ಚೇನೂ ಇಲ್ಲ. ಸಂಬಂಧ ಕುದುರಿದ ಸುದ್ದಿ ಕೇಳಿ ತಮ್ಮಂದಿರು, ಅಕ್ಕ ಮದುವೆಯಾಗದೆಯೇ ಉಳಿದುಬಿಡುತ್ತಾಳೆಂಬ ಭಯ ಕಳೆಯಿತೆಂದು ನಿಟ್ಟುಸಿರು ಬಿಡುತ್ತಾರೆ. ಎಲಿಜಬೆತ್‌ಳ ತಂದೆ ಇನ್ನೆಷ್ಟು ವರ್ಷ ಬದುಕಿಯಾರು ಎಂದು ಷಾರ್ಲೆಟ್‌ಳ ತಾಯಿ ಲೆಕ್ಕ ಹಾಕತೊಡಗುತ್ತಾಳೆ. ಇಷ್ಟು ಜನ ಲಾಭ ಎಣಿಸುತ್ತಿರುವ ಮನೆಯಲ್ಲಿ ಹಣದಾಸೆಯವಳೆಂಬ ಹೆಸರು ಹೊತ್ತವಳು ಮಾತ್ರ ಒಬ್ಬಳೇ.

ನನ್ನ ಸಿಟ್ಟು ಇರುವುದು ಇಲ್ಲಿಯೇ. ಇದುವರೆಗೆ ಯಾರ ಕಣ್ಣಿಗೂ ಬೀಳದಿದ್ದ ಮಿಸ್ ಕಿಂಗ್ ಎಂಬ ಹುಡುಗಿಗೆ ದಿಢೀರನೆ 10,000 ಪೌಂಡ್ ಬಂದ ಕೂಡಲೇ, ಎಲಿಜಬೆತ್‌ಳ ಮೆಚ್ಚಿನ ವಿಕಮ್ ಅವಳ ಹಿಂದೆ ಬೀಳುತ್ತಾನೆ. ಷಾರ್ಲೆಟ್‌ಳ ನಿರ್ಧಾರ ಕೇಳಿ ಗೆಳೆತನವೇ ಮುರಿದಂತೆ ನೊಂದುಕೊಂಡ ಎಲಿಜಬೆತ್, ವಿಕಮ್‌ನದು ಸಹಜವಾದ ಜಾಣತನವೆಂದು ಮನ್ನಿಸಿಬಿಡುತ್ತಾಳೆ. ಗಂಡಸು ಮಾಡಿದರೆ ವಿವೇಕ, ಹೆಂಗಸು ಮಾಡಿದರೆ ವ್ಯಾಪಾರ! ಕಾದಂಬರಿಗಾರ್ತಿ ಈ ತಾರತಮ್ಯವನ್ನು ಕಂಡು, ಅಲ್ಲಿಯೇ ಚುಚ್ಚಿ ಹೇಳಿದ್ದಾಳೆ. ನಮ್ಮ ಹಿರಿಯರಿಗೆ ಇನ್ನೂರು ವರ್ಷಗಳಾದರೂ ಅದು ಕಂಡಿಲ್ಲ.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಕಾಲೇಜಿನಲ್ಲಿ ಇದು ಪಠ್ಯವಾಗಿದ್ದಾಗ ಷಾರ್ಲೆಟ್‌ಳನ್ನು ಕುರಿತು ನಕ್ಕವರಲ್ಲಿ ನಾನೂ ಒಬ್ಬಳು. ಮುಂದೆ 28ನೆಯ ವಯಸ್ಸಿನಲ್ಲಿ, ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು ಹೊರಟುಹೋದ ಮೇಲೆ, ಅಮ್ಮನನ್ನು ನಾನು ಕೇಳಿದ ಮೊದಲ ಪ್ರಶ್ನೆ, ಹುಡುಗನ ಕೆಲಸ ಪರ್ಮನೆಂಟೋ ಟೆಂಪರರಿಯೋ ಎಂಬುದಾಗಿತ್ತು. ನನಗಾಗ ನನ್ನದೇ ಆದ ಸಂಬಳವಾದರೂ ಇತ್ತು. ಷಾರ್ಲೆಟ್‌ಳಿಗೆ ಅದೂ ಇರಲಿಲ್ಲ.

ಡಾರ್ಸಿ ಮೊದಲ ಸಲ ಮದುವೆಯ ಪ್ರಸ್ತಾಪ ಮಾಡಿದಾಗ ಎಲಿಜಬೆತ್ ಅವನ ಹತ್ತು ಸಾವಿರವನ್ನೂ ಒದ್ದವಳಲ್ಲವೇ ಎಂದು ನೀವು ಕೇಳಬಹುದು. ಹೌದು, ಒದ್ದಳು, ಒದ್ದದ್ದು ಸೊಗಸಾಗಿಯೂ ಇತ್ತು. ಆದರೆ ಮುಂದೆ ಪೆಂಬರ್ಲಿಯಲ್ಲಿರುವ ಡಾರ್ಸಿಯ ಬಂಗಲೆಯನ್ನು ಕಂಡ ಕ್ಷಣವೇ, ಇದರ ಒಡತಿಯಾಗುವುದೆಂದರೆ ಸಾಮಾನ್ಯವಲ್ಲ ಎಂದು ಅವಳಿಗೂ ಅನ್ನಿಸಿತು. ಒದ್ದದ್ದು ಮರಳಿ ಬಂದು ಬಾಗಿಲು ತಟ್ಟುವ ಭಾಗ್ಯ ಎಷ್ಟು ಜನರಿಗೆ ಇರುತ್ತದೆ? ಬರೆದವಳಿಗೇ ಇರಲಿಲ್ಲ. 1802ರ ಡಿಸೆಂಬರಿನಲ್ಲಿ, 27 ತುಂಬಲು ಇನ್ನೇನು ಕೆಲವೇ ದಿನಗಳಿರುವಾಗ, ದೊಡ್ಡ ಆಸ್ತಿಯ ವಾರಸುದಾರನೊಬ್ಬನ ಪ್ರಸ್ತಾಪವನ್ನು ಸಂಜೆ ಒಪ್ಪಿದ ಆಸ್ಟೆನ್, ಬೆಳಗಾಗುವಷ್ಟರಲ್ಲಿ ಮನಸ್ಸು ಬದಲಿಸಿ ಇಲ್ಲವೆಂದಳು. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ ಮತ್ತು ಅಕ್ಕನೊಂದಿಗೆ ಅಣ್ಣತಮ್ಮಂದಿರ ನೆರವಿನಲ್ಲಿ ಮನೆಯಿಂದ ಮನೆಗೆ ಅಲೆದು, 1809ರಲ್ಲಿ ಅಣ್ಣನೊಬ್ಬ ಬಿಟ್ಟುಕೊಟ್ಟ ಚಾಟನ್ನಿನ ಮನೆಯಲ್ಲಿ ನೆಲೆ ಕಂಡಳು. ಈ ಕಾದಂಬರಿಯ ಹಕ್ಕಿಗೆ ಆಕೆ ಬಯಸಿದ್ದು 150 ಪೌಂಡ್, ಸಿಕ್ಕಿದ್ದು 110. ಹೀಗೆ ಬದುಕಿದವಳು ಷಾರ್ಲೆಟ್‌ಳನ್ನು ಬರೀ ಗೇಲಿಗಾಗಿ ಸೃಷ್ಟಿಸಿದಳೆಂದು ನಾನಂತೂ ನಂಬಲಾರೆ.

ಮುಂದಿನ ಕೂಟದಲ್ಲಿ ಆ ಹಿರಿಯರಿಂದಲೇ ಒಂದು ಪುಟ ಓದಿಸಬೇಕೆಂದಿದ್ದೇನೆ. ಎಲಿಜಬೆತ್ ಗೆಳತಿಯ ಹೊಸ ಮನೆಗೆ ಹೋದಾಗ, ಇನ್ನೊಂದು ಕೋಣೆ ದೊಡ್ಡದಾಗಿದ್ದು ಅಲ್ಲಿನ ನೋಟವೂ ಚೆನ್ನಾಗಿದ್ದರೂ ಷಾರ್ಲೆಟ್ ಹಿಂಬದಿಯ ಕೋಣೆಯನ್ನೇ ತನ್ನದಾಗಿಸಿಕೊಂಡದ್ದು ಅವಳಿಗೆ ವಿಚಿತ್ರವಾಗಿ ಕಾಣುತ್ತದೆ. ಆಮೇಲೆ ಕಾರಣ ಹೊಳೆಯುತ್ತದೆ. ರಸ್ತೆ ಕಾಣುವ ಮುಂಬದಿಯ ಕೋಣೆ ಗಂಡನಿಗೆ. ಹೆಂಗಸರು ಕೂರುವ ಜಾಗವೂ ಅಷ್ಟೇ ಚೆಂದವಾಗಿದ್ದರೆ ಅವನು ಸದಾ ಅಲ್ಲಿಯೇ ಬಂದು ಕೂರುತ್ತಿದ್ದ.