ಐದಕ್ಕೆ ಐದು

ಮಂಡ್ಯದಿಂದ ಆರು ಕಿಲೋಮೀಟರ್ ದೂರದಲ್ಲಿ, ನಾಲೆಯ ಬದಿಗಿರುವ ನಮ್ಮೂರಿನಲ್ಲಿ 2024ರ ಮಾರ್ಚಿನಿಂದ ಆಗಸ್ಟಿನವರೆಗೆ ನಾನು ಜರ್ಮನಿಯಲ್ಲಿ ಐದಕ್ಕೆ ಐದು ಅಂಕ ತೆಗೆದ ಹುಡುಗನೆಂದು ಪ್ರಸಿದ್ಧನಾಗಿದ್ದೆ. ಹಾಲಿನ ಡೈರಿಯ ಜಗುಲಿಯಲ್ಲಿ ಮೊದಲು ಪ್ರಕಟವಾದ ಈ ಸುದ್ದಿ ಅಲ್ಲಿಂದ ಕ್ಷೌರದಂಗಡಿಗೂ, ಕ್ಷೌರದಂಗಡಿಯಿಂದ ಮಾರಿಗುಡಿಯ ಕಟ್ಟೆಗೂ ಹರಿದು, ಕೊನೆಗೆ ಪಕ್ಕದೂರಿನ ಗೌರವಸ್ಥರೊಬ್ಬರು ನನ್ನ ಜಾತಕ ಕೇಳಿಕೊಂಡು ಬರುವಷ್ಟರ ಮಟ್ಟಿಗೆ ಬೆಳೆದಿತ್ತು. ಈ ಕೀರ್ತಿ ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ಹೇಳಬೇಕಾದರೆ ದುಡ್ಡಿನಿಂದಲೇ ಆರಂಭಿಸಬೇಕಾಗುತ್ತದೆ.

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬ ಒಂದೇ ಮಾತಿಗೆ ಅಪ್ಪ ಒಪ್ಪಿದ್ದರು. ಆದರೆ ವೀಸಾ ಸಿಗಬೇಕಾದರೆ ಒಂದು ವರ್ಷದ ಊಟ, ವಸತಿಯ ಖರ್ಚನ್ನು ಮುಂಚಿತವಾಗಿಯೇ ಬ್ಲಾಕ್ಡ್ ಅಕೌಂಟ್ ಎಂಬ ಖಾತೆಗೆ ಕಟ್ಟಬೇಕೆಂಬ ಸಂಗತಿಯನ್ನು, ಅವರು ಒಪ್ಪಿ ಒಂದು ವಾರ ಕಳೆದ ಮೇಲೆ, ಊಟದ ನಂತರದ ಪ್ರಶಾಂತ ಗಳಿಗೆಯೊಂದನ್ನು ನೋಡಿ ನಾನು ತಿಳಿಸಿದೆ. 2023ರಲ್ಲಿ ಆ ಮೊತ್ತ 11,208 ಯೂರೊ, ಅಂದರೆ ಸುಮಾರು ಹತ್ತು ಲಕ್ಷ ರೂಪಾಯಿ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಕಬ್ಬಿನ ದುಡ್ಡಿನಲ್ಲಿ ವರ್ಷಗಳಿಂದ ಕಟ್ಟಿಟ್ಟಿದ್ದ ಗಂಟನ್ನು ಬಿಚ್ಚಿದರು. ಅದು ಸಾಲದೆ ಚಿಕ್ಕಪ್ಪನ ಗಂಟನ್ನೂ ಬಿಚ್ಚಿಸಿದರು. ಆ ಹಣವನ್ನು ತಿಂಗಳಿಗೆ 934 ಯೂರೊಗಳಂತೆ ಮಾತ್ರ ನನಗೆ ಬಿಡುಗಡೆ ಮಾಡುತ್ತಾರೆಂದು ತಿಳಿದಾಗ ಅಪ್ಪನಿಗೆ ಎಲ್ಲವೂ ಥಟ್ಟನೆ ಅರ್ಥವಾಯಿತು. "ಕನ್ನಂಬಾಡಿ ನೀರ ಕಟ್ಟಿನ ಮ್ಯಾಲೆ ಬುಡ್ತಾರಲ್ಲ, ಅಂಗೆ ಕಣ್ಲಾ" ಎಂದರು. ಬ್ಲಾಕ್ಡ್ ಅಕೌಂಟಿಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಬ್ಯಾಂಕಿನವರಿಂದಲೂ ಕೇಳಿಲ್ಲ.

ಗಂಟು ಬಿಚ್ಚಿದ ಮೇಲೆ ಗಂಟುಮೂಟೆ ಕಟ್ಟುವ ಕೆಲಸ. ಒಂದೊಂದು ಪೆಟ್ಟಿಗೆಗೆ 23 ಕೆಜಿಯ ಮಿತಿಯಿದ್ದುದರಿಂದ, ಬೆಲ್ಲ ತೂಗುವ ತಕ್ಕಡಿಯನ್ನು ಪಡಸಾಲೆಗೆ ತಂದು ನನ್ನ ಸಾಮಾನನ್ನೆಲ್ಲ ತೂಗಲಾಯಿತು. ಐದು ಕೆಜಿ ರಾಗಿಹಿಟ್ಟು, ಹುರುಳಿಕಾಳು, ಸಾರಿನಪುಡಿ, ಇವೆಲ್ಲದರ ನಡುವೆ ಉದ್ದಕ್ಕೆ ಮಲಗಿಸಿದ ಒಂದು ಹಿಟ್ಟಿನ ಕೋಲು. ಇಷ್ಟನ್ನು ಇಡುವ ಸಲುವಾಗಿ ಅವ್ವ ನನ್ನ ಎರಡು ಪಠ್ಯಪುಸ್ತಕಗಳನ್ನು ಹೊರಗೆ ತೆಗೆದಳು. ಆ ಪುಸ್ತಕಗಳ ಕತೆಯನ್ನು ಮುಂದೆ ಹೇಳುತ್ತೇನೆ. ಅಜ್ಜಿಯ ಚಿಂತೆ ಬೇರೆಯದೇ ಆಗಿತ್ತು. ನಾನು ಹೋಗಬೇಕಾಗಿದ್ದ ಊರು ಸ್ಯಾಕ್ಸನಿ ರಾಜ್ಯದ ಕೆಮ್ನಿಟ್ಸ್. ಹೆಸರಿನಲ್ಲೇ ಕೆಮ್ಮು ಇಟ್ಟುಕೊಂಡಿರುವ ಊರಿನಲ್ಲಿ ಗಾಳಿ ಎಂಥದ್ದಿರಬಹುದೆಂದು ಊಹಿಸಿದ ಅಜ್ಜಿ, ಯಾರ ಮಾತನ್ನೂ ಕೇಳದೆ ಒಣಶುಂಠಿ, ಮೆಣಸು, ಹಿಪ್ಪಲಿಗಳ ಒಂದು ಪೊಟ್ಟಣವನ್ನು ನನ್ನ ಕೋಟಿನ ಜೇಬಿಗೇ ತುರುಕಿದಳು.

ಕೆಮ್ನಿಟ್ಸ್ ಯಂತ್ರಗಳ ಊರು. 1953ರಿಂದ 1990ರವರೆಗೆ ಅದರ ಹೆಸರು ಕಾರ್ಲ್-ಮಾರ್ಕ್ಸ್-ಸ್ಟಾಟ್ ಎಂದಿತ್ತು. ಹೆಸರು ಹೋದರೂ ಊರ ನಡುವೆ ಮಾರ್ಕ್ಸ್ ಮಹಾಶಯರ ಏಳು ಮೀಟರಿಗಿಂತ ಎತ್ತರದ ಕಂಚಿನ ತಲೆ, ಕೇವಲ ತಲೆ, ಹಾಗೆಯೇ ಉಳಿದುಕೊಂಡಿದೆ, 1971ರಲ್ಲಿ ಕೂರಿಸಿದ್ದಂತೆ. ಅದರ ಮುಂದೆ ನಿಂತು ನಾನು ಮನೆಗೆ ವಿಡಿಯೊ ಕರೆ ಮಾಡಿದಾಗ, ಅಜ್ಜಿ ಆ ಗಡ್ಡವನ್ನು ಬಹಳ ಹೊತ್ತು ನೋಡಿ, ಭಕ್ತಿಯಿಂದ ಕೈಮುಗಿದು, "ಯಾವ ಮಠದ ಸ್ವಾಮ್ಗಳಪ್ಪ?" ಎಂದು ಕೇಳಿದಳು. ಮಾರ್ಕ್ಸ್ ಎಂದೆ. ಪಕ್ಕದಲ್ಲಿದ್ದ ಅಪ್ಪ ತಕ್ಷಣ ಮುಂದೆ ಬಂದು, "ಆಗ್ಲೇ ಬಂದ್ಬುಡ್ತಾ? ಎಷ್ಟ್ಲಾ ಮಾರ್ಕ್ಸು?" ಎಂದರು. ನಾನು ಆ ಊರಿಗೆ ಹೋಗಿ ಆಗ ಆರು ದಿನವಾಗಿತ್ತು.

ತರಗತಿಗಳು ಆರಂಭವಾದ ಮೇಲೆ ನನಗೆ ಸಿಕ್ಕಿದ ದೊಡ್ಡ ಆಘಾತವೆಂದರೆ ಹಾಜರಿ ಕರೆಯುವವರೇ ಇಲ್ಲದಿದ್ದುದು. ಇಲ್ಲಿನ ಕಾಲೇಜಿನಲ್ಲಿ ಹಾಜರಿ ಕಡಿಮೆಯಾದರೆ ನೋಟಿಸ್ ಬೋರ್ಡಿನಲ್ಲಿ ಹೆಸರು ಬರುತ್ತಿತ್ತು, ಇಂಟರ್ನಲ್ಸ್ ಬರುತ್ತಿತ್ತು, ಕಡೆಗೆ ಅಪ್ಪನೂ ಬರುತ್ತಿದ್ದರು. ಅಲ್ಲಿ ನಾನು ಬಂದೆನೋ ಬಿಟ್ಟೆನೋ ಎಂಬುದು ನನ್ನ ಸ್ವಂತ ವಿಷಯವಾಗಿತ್ತು. ಇಡೀ ಅವಧಿಗೆ ಕೊನೆಯಲ್ಲೊಂದೇ ಪರೀಕ್ಷೆ. ಇಷ್ಟು ಸ್ವಾತಂತ್ರ್ಯವನ್ನು ಒಮ್ಮೆಲೇ ಕೈಗೆ ಕೊಟ್ಟರೆ ಏನು ಮಾಡಬೇಕೆಂದು ತಿಳಿಯದೆ ನಾನು ಅದನ್ನು ನಿದ್ದೆಗೆ ಬಳಸಿಕೊಂಡೆ. ಎದ್ದು ಹೋದ ಮೊದಲ ದಿನವೇ ಇನ್ನೊಂದು ಗಾಬರಿ ಕಾದಿತ್ತು. ಪ್ರಾಧ್ಯಾಪಕರು ಪಾಠ ಮುಗಿಸುತ್ತಿದ್ದಂತೆಯೇ ಇಡೀ ತರಗತಿ ಬೆರಳಗಂಟುಗಳಿಂದ ಟಪಟಪನೆ ಮೇಜು ಬಡಿಯತೊಡಗಿತು. ನಮ್ಮಲ್ಲಿ ಮೇಜು ಬಡಿಯುವುದು ಹಿಂದಿನ ಬೆಂಚಿನವರ ಪ್ರತಿಭಟನೆ. ಅದರ ಮುಂದಿನ ಹಂತ ಪ್ರಾಂಶುಪಾಲರ ಕೊಠಡಿ. ನನಗೂ ಇದಕ್ಕೂ ಸಂಬಂಧವಿಲ್ಲ ಎಂದು ತೋರಿಸಲು ನಾನು ಎರಡೂ ಕೈಗಳನ್ನು ಮೇಲೆತ್ತಿ ಕುಳಿತೆ. ಅದು ಅಲ್ಲಿನ ಚಪ್ಪಾಳೆಯೆಂದೂ, ಇಡೀ ತರಗತಿಯಲ್ಲಿ ಗುರುಗಳನ್ನು ಗೌರವಿಸದವನು ನಾನೊಬ್ಬನೇ ಎಂದೂ ಆಮೇಲೆ ತಿಳಿಯಿತು.

ಬಡಿಯುವ ವಿಷಯ ಬಂದದ್ದರಿಂದ ಮುದ್ದೆಯ ಪ್ರಸಂಗವನ್ನು ಇಲ್ಲೇ ಹೇಳಿಬಿಡುತ್ತೇನೆ. ಹೊರಡುವ ಮುನ್ನ ಅವ್ವ, "ಹಿಟ್ ತಿರ್ವಕೆ ಬತ್ತದೇನ್ಲಾ?" ಎಂದು ಕೇಳಿದಾಗ, ಇಪ್ಪತ್ತೆರಡು ವರ್ಷ ದಿನಕ್ಕೆರಡು ಸಲ ಉಂಡವನಿಗೆ ಅದೇನು ಮಹಾ ಎಂಬ ಧಾಟಿಯಲ್ಲಿ ಬರುತ್ತದೆ ಎಂದಿದ್ದೆ. ಹೀಗಾಗಿ ಮೊದಲ ಮೂರು ಪ್ರಯತ್ನಗಳಲ್ಲಿ ಮುದ್ದೆಗಿಂತ ಗಂಟೇ ಹೆಚ್ಚಾದರೂ ಅವ್ವನನ್ನು ಕೇಳಲು ನನ್ನ ಮರ್ಯಾದೆ ಒಪ್ಪಲಿಲ್ಲ. ನವೆಂಬರಿನ ಒಂದು ರಾತ್ರಿ ನಾಲ್ಕನೆಯ ಪ್ರಯತ್ನಕ್ಕೆ ಇಳಿದೆ. ಗಾಜಿನ ಒಲೆಯ ಮೇಲೆ ಕೋಲು ಹಾಕಿ ತಿರುವಿದರೆ ಒಲೆಯೇ ಒಡೆಯಬಹುದೆಂಬ ಭಯದಿಂದ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿಲ್ಲದ ಕಾರಣ ಹಳೆಯ ಟವೆಲ್ ಸುತ್ತಿ ಎರಡು ಪಾದಗಳ ನಡುವೆ ಅದುಮಿಕೊಂಡು, ಮರದ ನೆಲದ ಮೇಲೆ ಕುಳಿತು ತಿರುವತೊಡಗಿದೆ. ಒಂದೊಂದು ತಿರುವಿಗೂ ಪಾತ್ರೆ ಧಡ್ ಎಂದು ನೆಲಕ್ಕೆ ಬಡಿಯುತ್ತಿತ್ತು. ಆಗ ಹತ್ತು ಗಂಟೆ ಹತ್ತು ನಿಮಿಷ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಆ ದೇಶದಲ್ಲಿ ಮನೆಗಳಲ್ಲಿ ಸದ್ದು ಮಾಡಬಾರದೆಂಬ ನಿಯಮವಿದೆ.

ಬಾಗಿಲು ತಟ್ಟಿದ್ದು ಕೆಳಮನೆಯ ವೃದ್ಧೆ. ಈ ಹೊತ್ತಿನಲ್ಲಿ ನೀವು ಮನೆ ಕಟ್ಟುತ್ತಿದ್ದೀರಾ ಎಂಬುದು ಆಕೆಯ ಪ್ರಶ್ನೆ. ಇಲ್ಲ, ಮುದ್ದೆ ಕಟ್ಟುತ್ತಿದ್ದೇನೆ ಎಂಬ ಉತ್ತರ ಕನ್ನಡದಲ್ಲಿ ಎಷ್ಟು ಸೊಗಸಾಗಿ ಹೊಂದುತ್ತಿತ್ತೋ, ಜರ್ಮನ್ ಭಾಷೆಯಲ್ಲಿ ಅಷ್ಟೇ ಅಸಾಧ್ಯವಾಗಿತ್ತು. ಮೈಸೂರಿನಲ್ಲಿ ಮೂರು ತಿಂಗಳು ಕಲಿತ ಜರ್ಮನ್ ಹೆಸರು, ಊರು, ಹವ್ಯಾಸಗಳನ್ನು ಹೇಳುವಲ್ಲಿಗೆ ಮುಗಿಯುತ್ತಿತ್ತು. ನಮ್ಮ ನೀನು, ನೀವುಗಳಂತೆಯೇ ಆ ಭಾಷೆಯಲ್ಲೂ ಡು, ಝೀ ಎಂಬ ಎರಡು ರೂಪಗಳಿವೆ. ಇಂಗ್ಲಿಷಿನವರಿಗೆ ಕಷ್ಟವಾಗುವ ಈ ಭೇದ ಕನ್ನಡಿಗನಿಗೆ ನೀರು ಕುಡಿದಷ್ಟು ಸುಲಭ ಎಂದು ನಾನು ಜಂಬಪಟ್ಟಿದ್ದೆ. ಆದರೆ ನಾನು ಮಂಡ್ಯದ ಕನ್ನಡಿಗ. ಅಜ್ಜಿಯನ್ನು ಕಂಡರೆ ಬಾಯಿಗೆ ಬರುವುದು ನೀನು ಎಂಬುದೇ. "ಡು" ಎಂದು ಏಕವಚನದಲ್ಲೇ ಕರೆದು, ಒಳಗೆ ಬಾ ಎಂದು ಕೈಯಾಡಿಸಿದೆ. ಆಕೆಯ ಹುಬ್ಬು ಗಂಟಿಕ್ಕಿತು. ಆದರೂ ಒಳಗೆ ಬಂದು, ಪಾತ್ರೆಯನ್ನೂ ನನ್ನ ಕಾಲನ್ನೂ ಕೋಲನ್ನೂ ನೋಡಿ, ತಟ್ಟೆಯಲ್ಲಿದ್ದ ಕಂದು ಉಂಡೆಯತ್ತ ಬೆರಳು ತೋರಿ "ಕ್ಲೋಸ್!" ಎಂದು ಉದ್ಗರಿಸಿದರು. ಕ್ಲೋಸ್ ಎಂದರೆ ಆ ಕಡೆಯವರು ಆಲೂಗಡ್ಡೆಯಿಂದ ಮಾಡುವ ದುಂಡನೆಯ ಉಂಡೆ. ಅದನ್ನು ಮಾಂಸದ ಗೊಜ್ಜಿನೊಂದಿಗೆ ತಿನ್ನುತ್ತಾರೆ. ಸಾವಿರಾರು ಮೈಲಿ ದೂರ ಹೋಗಿ ನಾನು ತಲುಪಿದ್ದು ಇನ್ನೊಂದು ಮುದ್ದೆಯ ಸೀಮೆಯನ್ನೇ ಎಂದು ಆಗ ಗೊತ್ತಾಯಿತು. ಆಕೆ ಒಂದು ಮುದ್ದೆಯನ್ನು ಮನೆಗೊಯ್ದು, ನುಂಗಬೇಕೆಂಬುದು ತಿಳಿಯದೆ ಕ್ರಮಬದ್ಧವಾಗಿ ಅಗಿದು, ಮಾರನೆಯ ದಿನ ದವಡೆ ಹಿಡಿದುಕೊಂಡೇ ತಟ್ಟೆ ಹಿಂದಿರುಗಿಸಿದರು. ಉಂಡೆಯ ಒಳಗೆ ಹಸಿಹಿಟ್ಟು ಇದೆಯೆಂದೂ, ಇದನ್ನು ಬಲ್ಲವರನ್ನು ಕೇಳಬಾರದೇ ಎಂದೂ ಹೇಳಿದರು.

ಕೇಳಿದೆ. ಅವ್ವ ನಗುವುದನ್ನು ಮುಗಿಸಿದ ಮೇಲೆ ಪಾಠ ಹೇಳಿದಳು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಬೇಕು. ಎಸರು ಮರಳಿದಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲಿನಿಂದ ಒಂದು ತೂತು ಮಾಡಿ, ಬೇಯುವವರೆಗೆ ಕೈ ಹಚ್ಚದೆ ಸುಮ್ಮನಿರಬೇಕು. ನಾನು ಸುಮ್ಮನಿರುವ ಭಾಗವನ್ನೇ ಬಿಟ್ಟಿದ್ದೆ. "ಗಂಟಾದ್ರೆ ಆಗಿಂದಾಗ್ಗೆ ಒಡ್ದಾಕ್ಬುಡು, ಬುಟ್ರೆ ಮ್ಯಾಲೆ ಚೆಂದಾಗ್ ಕಾಣ್ತದೆ, ಒಳ್ಗೆ ಹಸೀನೇ ಇರ್ತದೆ" ಎಂದಳು.

ಫೆಬ್ರವರಿಯಲ್ಲಿ ಪರೀಕ್ಷೆಗಳಾದವು. ಯಂತ್ರಗಳ ಕಂಪನದ ವಿಷಯದಲ್ಲಿ ನಾನು ಫೇಲಾದೆ. ಅವ್ವ ಪೆಟ್ಟಿಗೆಯಿಂದ ತೆಗೆದ ಎರಡು ಪುಸ್ತಕಗಳೂ ಅದೇ ವಿಷಯದವು ಎಂಬ ನೆಪ ನನಗಿತ್ತು. ಆದರೆ ಇಡೀ ಚಳಿಗಾಲ ಕೆಳಮನೆಯವರಿಗೆ ಪ್ರಾಯೋಗಿಕವಾಗಿ ತೋರಿಸಿಕೊಟ್ಟ ವಿಷಯದಲ್ಲೇ ಫೇಲಾಗುವುದಕ್ಕೆ ಬೇರೆ ಕಾರಣಗಳೂ ಇದ್ದಿರಬೇಕು. ಜರ್ಮನಿಯಲ್ಲಿ ಅಂಕಗಳ ಏಣಿ ತಲೆಕೆಳಗು. 1.0 ಎಂದರೆ ಅತ್ಯುತ್ತಮ, 4.0 ಎಂದರೆ ತೇರ್ಗಡೆಯ ಕೊನೆಯ ಮೆಟ್ಟಿಲು, 5.0 ಎಂದರೆ ನಾನು.

ಅಪ್ಪ ಡೈರಿಗೆ ಹಾಲು ಹಾಕಿ ಆರು ಗಂಟೆಗೆ ಕರೆ ಮಾಡುವುದು ರೂಢಿ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆಯ ಅಂತರವಿರುವುದರಿಂದ ಅದು ನನಗೆ ರಾತ್ರಿ ಒಂದೂವರೆ. "ಎಷ್ಟು ಬಂತ್ಲಾ?" ಎಂದರು. ಐದು ಎಂದೆ. "ಎಷ್ಟಕ್ಕೆ?" ಎಂದರು. ಏಣಿ ಎಲ್ಲಿಯವರೆಗಿದೆ ಎಂಬ ಅರ್ಥದಲ್ಲಿ ಐದಕ್ಕೆ ಎಂದೆ. ಇವೆರಡರಲ್ಲಿ ಒಂದೂ ಸುಳ್ಳಲ್ಲ. ನ್ಯಾಯಾಲಯದಲ್ಲೂ ನಿಲ್ಲುವಂಥ ಉತ್ತರಗಳು. ಆ ಕಡೆಯಿಂದ ಸಂತೋಷದ ಒಂದು ಕೂಗು ಕೇಳಿಸಿತು, ಹಿಂದೆಯೇ ಡೈರಿಯ ಕ್ಯಾನುಗಳ ಸದ್ದು. ಸೀಮೆಹಸುವಿನ ಹಾಲಿಗೆ ಫ್ಯಾಟು ಮೂರೂವರೆ, ನಾಲ್ಕು ಬಂದರೆ ಹೆಚ್ಚೆಂದು ಬಲ್ಲ ಜನರ ನಡುವೆ ನಿಂತು, ಮಗನಿಗೆ ಐದು ಬಂತೆಂದು ಹೇಳುವ ತಂದೆಯನ್ನು ತಡೆಯುವ ಧೈರ್ಯ ಆ ಹೊತ್ತಿನಲ್ಲಿ ನನಗಿರಲಿಲ್ಲ. ಬೆಳಗ್ಗೆ ಹೇಳೋಣವೆಂದು ಮಲಗಿದೆ. ಬೆಳಗ್ಗೆ ಏಳುವಷ್ಟರಲ್ಲಿ ಎರಡು ಕೆಜಿ ಮೈಸೂರುಪಾಕು ಹಂಚಿಯಾಗಿತ್ತು.

ಆಮೇಲಿನ ತಿಂಗಳುಗಳಲ್ಲಿ ನಾನು ಓದಿದ್ದು ಬುದ್ಧಿವಂತಿಕೆಯಿಂದಲ್ಲ, ಆ ಮೈಸೂರುಪಾಕಿನ ಭಯದಿಂದ. ಪ್ರಾಧ್ಯಾಪಕರು ವಾರಕ್ಕೊಮ್ಮೆ ವಿದ್ಯಾರ್ಥಿಗಳನ್ನು ಭೇಟಿಯಾಗುವ ಹೊತ್ತಿದೆಯೆಂದು ತಿಳಿದು ಅವರ ಬಾಗಿಲು ತಟ್ಟಿದೆ. ಎಲ್ಲಿ ಅರ್ಥವಾಗಲಿಲ್ಲ ಎಂದು ಕೇಳಿದರು. ಇಲ್ಲಿ ಹದಿನೇಳು ವರ್ಷ "ಅರ್ಥ ಆಯ್ತಾ?" ಎಂಬ ಪ್ರಶ್ನೆಗೆ ಇಡೀ ತರಗತಿಯೊಂದಿಗೆ "ಆಯ್ತು ಸಾರ್" ಎಂದು ರಾಗವಾಗಿ ಹಾಡಿದವನು ನಾನು, ಒಬ್ಬನೇ ಕುಳಿತು ಇಲ್ಲ ಎನ್ನುವ ಅಭ್ಯಾಸ ನನ್ನ ನಾಲಿಗೆಗಿರಲಿಲ್ಲ. ಬೆವರು ಒರೆಸಿಕೊಂಡು, ಮೊದಲ ಪುಟದಿಂದ ಎಂದೆ. ಅವರು ಬೇಸರಿಸದೆ ಮೊದಲ ಪುಟವನ್ನೇ ತೆರೆದರು. ಆಗಸ್ಟಿನಲ್ಲಿ ಮರುಪರೀಕ್ಷೆಯ ಫಲಿತಾಂಶ ಬಂತು: 1.7.

ಈ ಸಲ ನಾನೇ ಕರೆ ಮಾಡಿದೆ. ಸಂಭ್ರಮದಲ್ಲಿ ಹಿಂದಿನದನ್ನು ಮರೆತು ಅಂಕವನ್ನಷ್ಟೇ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಕುಗ್ಗಿದ ದನಿಯಲ್ಲಿ, "ಐದ್ರಿಂದ ಒಂದೂ ಮುಕ್ಕಾಲಾ? ನೀರ್ ಬೆರ್ಸಿದ್ರೂ ಇಷ್ಟು ಇಳಿಯಾಕಿಲ್ಲ ಕಣ್ಲಾ" ಎಂದರು. ಅವ್ವ ಹೇಳಿದ ಗಂಟು ಆಗ ನೆನಪಾಯಿತು. ಮಾರ್ಚಿನಿಂದ ಮೇಲೆ ಚೆಂದವಾಗಿ ಕಾಣುತ್ತಿದ್ದುದನ್ನೆಲ್ಲ ಒಡೆದು ಹೇಳಿದೆ. "ಅಂಗಾರೆ ನಾನು ಮೈಸೂರ್‌ಪಾಕ್ ಹಂಚಿದ್ದು ನೀನು ಫೇಲಾಗಿದ್ದಕ್ಕಾ?" ಎಂದು ಕೇಳಿದರು. ಹೌದು ಎಂದೆ. ಬೈಯಲಿಲ್ಲ, ಫೋನು ಇಟ್ಟರು.

ಮಾರನೆಯ ದಿನ ಡೈರಿಗೆ ಹೋಗಿ, ಮಗನಿಗೆ ಬಂದದ್ದು ಐದಕ್ಕೆ ಐದಲ್ಲ, ಮೊದಲು ಫೇಲು, ಈಗ ಒಂದೂ ಮುಕ್ಕಾಲು ಎಂದು ಅಪ್ಪ ತಾವೇ ಹೇಳಿದರು. ಊರು ನಂಬಲಿಲ್ಲ. ಮಗನ ಮೇಲೆ ದೃಷ್ಟಿ ಬೀಳಬಾರದೆಂದು ಅಂಕವನ್ನು ಇಳಿಸಿ ಹೇಳುತ್ತಿದ್ದಾರೆಂದು ತೀರ್ಮಾನಿಸಿ, ಅಪ್ಪನ ಸರಳತೆಯನ್ನು ಕೊಂಡಾಡಿತು. ಜಾತಕ ಕೇಳಿದವರು ಇನ್ನೊಮ್ಮೆ ಬಂದುಹೋದರು.

2025ರ ಆಗಸ್ಟಿನಲ್ಲಿ ರಜೆಗೆಂದು ಊರಿಗೆ ಬಂದೆ. ಕಸವನ್ನು ನಾಲ್ಕು ಬಣ್ಣದ ಡಬ್ಬಿಗಳಿಗೆ ಬೇರೆ ಬೇರೆ ಹಾಕುವ ಶಿಸ್ತನ್ನು ಮನೆಯವರಿಗೆ ಕಲಿಸಬೇಕೆಂದು ಬಂದವನು, ಬಾಳೆಸಿಪ್ಪೆ ಹಿಡಿದು ಅಂಗಳದಲ್ಲಿ ಉಪನ್ಯಾಸ ಆರಂಭಿಸಿದ್ದೆ. ಅವ್ವ ಸಿಪ್ಪೆಯನ್ನು ನನ್ನ ಕೈಯಿಂದ ಕಿತ್ತು ಹಸುವಿನ ಮುಂದೆ ಹಾಕಿ, ಕಾಗದವನ್ನು ನೀರೊಲೆಗೆ ತಳ್ಳಿ, ಖಾಲಿ ಬಾಟಲಿಯನ್ನು ಎಣ್ಣೆಗೆಂದು ತೊಳೆದಿಟ್ಟು, ಉಳಿದದ್ದೇನಾದರೂ ಇದ್ದರೆ ಹೇಳು ಎಂಬಂತೆ ನನ್ನ ಮುಖ ನೋಡಿದಳು. ಉಳಿದದ್ದು ನಾನೊಬ್ಬನೇ ಆಗಿದ್ದೆ.

ಮಾನ ಉಳಿಸಿಕೊಳ್ಳಲು ಆ ಮಧ್ಯಾಹ್ನ ಹಿಟ್ಟನ್ನು ನಾನೇ ತಿರುವುತ್ತೇನೆಂದೆ. ಎಸರಿಟ್ಟು, ಹಿಟ್ಟು ಸುರಿದು, ಬೇಯುವವರೆಗೆ ಕೈಕಟ್ಟಿ ಕುಳಿತದ್ದನ್ನು ಕಂಡು ಅಜ್ಜಿ, ಹುಡುಗನಿಗೆ ಆ ಕೆಮ್ಮಿನ ಊರು ಒಗ್ಗಿದೆ ಎಂದಳು. ಕವೆಗೋಲು ಹಾಕಿ ತಿರುವಿ, ನೀರು ಸವರಿದ ತಟ್ಟೆಯಲ್ಲಿ ಕಟ್ಟಿ, ಉಪ್ಸಾರಿನೊಂದಿಗೆ ಅಪ್ಪನ ಮುಂದಿಟ್ಟೆ. ಅಪ್ಪ ಮುದ್ದೆಯನ್ನು ಮುರಿದು ಎರಡು ತುತ್ತು ನುಂಗಿದರು. ಮೂರನೆಯದರಲ್ಲಿ ಬೆರಳು ನಿಂತಿತು. ಅವರೆಕಾಳಿನಷ್ಟು ದೊಡ್ಡದೊಂದು ಗಂಟನ್ನು ಹೊರತೆಗೆದು, ತಟ್ಟೆಯ ಅಂಚಿಗಿಟ್ಟು, ಸ್ವಲ್ಪ ಹೊತ್ತು ಯೋಚಿಸಿ, "ಎರಡು ಪಾಯಿಂಟ್ ಮೂರು" ಎಂದರು.

"ಅಂಗಂದ್ರೆ ಪಾಸಾ, ಫೇಲಾ?" ಎಂದು ಅವ್ವ ಕೇಳಿದಳು.

"ಪಾಸೇ" ಎಂದರು ಅಪ್ಪ. "ಡೈರೀಲಿ ಮಾತ್ರ ಯೋಳಂಗಿಲ್ಲ."