ತೂತು ಕಂಡರೆ ಆಗದವರು

ಬಳ್ಳಾರಿಗೆ ಮಳೆ ಬಂದರೆ ಖುಷಿ ಪಡಬೇಕು. ನಾನು ಮಾತ್ರ ಬೆಳಿಗ್ಗೆಯಿಂದ ಉರಿಯುತ್ತಿದ್ದೇನೆ. ನಮ್ಮ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಹಿಂದಿನ ಲೈಟಿನೊಳಗೆ ನೀರು ನಿಂತಿದೆ. ಪಕ್ಕದ ಮನೆಯ ಹುಡುಗ ಬಗ್ಗಿ ನೋಡಿ, "ಅಂಕಲ್, ಮೀನು ಯಾವಾಗ ಬಿಡ್ತೀರಿ?" ಅಂದ. ಅವನಿಗೆ ತಮಾಷೆ.

ಇದೆಲ್ಲ ನಮ್ಮ ಎಲೆಕ್ಟ್ರಿಷಿಯನ್ ಕೃಪೆ. ಮನುಷ್ಯ ಒಳ್ಳೆಯವನೇ, ತೂತು ಕಂಡರೆ ಮಾತ್ರ ಆಗಲ್ಲ. ಎಲ್ಲರ ಅಂಗಿ ಜೇಬಲ್ಲಿ ಪೆನ್ನಿದ್ದರೆ, ಇವನ ಜೇಬಲ್ಲಿ ಸಂದಿ ಮುಚ್ಚುವ ಸಿಲಿಕಾನ್ ಅಂಟಿನ ಟ್ಯೂಬ್. ಮಾತಾಡುತ್ತಲೇ ಮುಚ್ಚಳ ತಿರುಗಿಸುತ್ತಿರುತ್ತಾನೆ. ಕೂಲರ್ ಸೋರಿದರೂ ಅದೇ, ಸಿಂಕ್ ಸೋರಿದರೂ ಅದೇ.

ನಮ್ಮೂರ ಬಿಸಿಲಿಗೆ ಲ್ಯಾಂಪಿನ ಹಿಂದೆ ನೀರು, ಧೂಳು ತಡೆಯುವ ರಬ್ಬರ್ ಗ್ಯಾಸ್ಕೆಟ್ ಸೆಟೆದು ಬಿರುಕು ಬಿಟ್ಟಿತ್ತು. ಸಂದಿಯಿಂದ ಅದಿರಿನ ಕೆಂಪು ಧೂಳು ಒಳಗೆ ಹೋಗಿ, ಲೈಟು ಹಾಕಿದರೂ ಹಾಕದಿದ್ದರೂ ಒಂದೇ ಬಣ್ಣ. ಹೊಸ ಗ್ಯಾಸ್ಕೆಟ್ ಹುಡುಕಿ ತರಿಸಿ ಅವನ ಕೈಗೆ ಕೊಟ್ಟೆ. ಮಾಡಬೇಕಾದ್ದು ಇಷ್ಟೇ: ತುಕ್ಕು ಉಜ್ಜಿ ತೆಗಿ, ಸ್ಕ್ರೂ ಕೂರುವ ಕಡೆ ತಗಡು ಬೆತ್ತಲೆ ಬಿಡು, ಗ್ಯಾಸ್ಕೆಟ್ ಇಡು, ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡು. ಜಾಸ್ತಿ ತಿರುವಿದರೆ ಲೆನ್ಸ್ ಸೀಳುತ್ತದೆ.

ಅವನು ಗ್ಯಾಸ್ಕೆಟನ್ನು ಬಿಸಿಲಿಗೆ ಹಿಡಿದು ನೋಡಿದ. "ಇದೆಲ್ಲ ಯಾಕ್ರೀ ಸಾರ್, ಸುಮ್ನೆ ದಂಡ" ಎಂದು ಡಬ್ಬಿಯ ಮೇಲಿಟ್ಟ. ಜೇಬಿನಿಂದ ಟ್ಯೂಬ್ ಬಂತು. ಲ್ಯಾಂಪಿನ ಬೇಸಿಗೆ ಬಳಿದ, ಸ್ಕ್ರೂಗೆ ಬಳಿದ, ಹೋಲ್ಡರಿನ ಸುತ್ತ ಬಳಿದ. ಗೋಬಿ ಗಾಡಿ ಪಕ್ಕ ನಿಂತ ಹಾಗೆ ವಿನೆಗರ್ ವಾಸನೆ. ಆ ಹುಳಿ ವಾಸನೆಯ ಸಿಲಿಕಾನ್ ಒಣಗುವಾಗ ಆಸಿಡ್ ಬಿಡುತ್ತದೆ, ಹಿತ್ತಾಳೆ ಹೋಲ್ಡರಿಗೆ ಕಿಲುಬು ಹಿಡಿಸುತ್ತದೆ ಅಂದೆ. "ಏನಾಗಲ್ಲ ಬಿಡ್ರೀ, ನಾನಿದೀನಲ್ವಾ" ಅಂದ. ಅವನು ಇರುವುದೇ ತೊಂದರೆ ಎಂದು ಬಾಯಿಬಿಟ್ಟು ಹೇಳೋದು ಹೇಗೆ?

ಕೊನೆಗೆ ಬೆರಳಿನಿಂದ ಲೆನ್ಸಿನ ತಳ ಸವರಿದ. ಅಲ್ಲೊಂದು ಸಣ್ಣ ತೂತು. ಒಳಗೆ ಬಂದ ನೀರು ಇಳಿದುಹೋಗಲಿ ಅಂತ ಕಂಪನಿಯವರೇ ಕೊರೆದದ್ದು. ಅವನ ಮುಖ ಅರಳಿತು. "ನೋಡಿದ್ರಾ ಸಾರ್, ನೀರು ಬರ್ತಿದ್ದದ್ದೇ ಇಲ್ಲಿಂದ!" ನಾನು "ಏ, ಏ" ಅನ್ನುವಷ್ಟರಲ್ಲಿ ಮುಚ್ಚಿ, ಹೆಬ್ಬೆರಳಿನಿಂದ ಒತ್ತಿ, ಚಂದಕ್ಕೆ ನುಣ್ಣಗೆ ಮಾಡಿದ.

ಇನ್ನೊಂದು ಬಹುಮಾನವೂ ಸಿಕ್ಕಿತು. ಈ ಕಾರಿನ ಲ್ಯಾಂಪುಗಳಿಗೆ ಅರ್ಥಿಂಗ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಸಿಗೋದೇ ಬಾಡಿಯಿಂದ. ನಡುವೆ ಸಿಲಿಕಾನ್ ಕೂತರೆ ಕರೆಂಟಿಗೆ ದಾರಿ ಎಲ್ಲಿ? ಅದು ಬಲ್ಬಿನೊಳಗಿನ ಇನ್ನೊಂದು ತಂತಿ (ಫಿಲಮೆಂಟ್) ಹಿಡಿದು ಬೇರೆ ದೀಪಗಳ ಕಡೆ ಓಡುತ್ತದೆ. ರಾಯಲ್ ಸರ್ಕಲ್‌ನಲ್ಲಿ ಬ್ರೇಕ್ ಒತ್ತಿದೆ. ಮುಂದೆ ಡ್ಯಾಶ್‌ಬೋರ್ಡ್ ದೀಪ ಮಿಣುಕ್ ಅಂದಿತು, ಹಿಂದೆ ನಂಬರ್ ಪ್ಲೇಟಿನ ದೀಪವೂ. ಬ್ರೇಕ್ ಲೈಟೊಂದು ಸರಿಯಾಗಿ ಹತ್ತಲಿಲ್ಲ. ಹಿಂದಿದ್ದ ಆಟೋದವನು ನನ್ನ ವಂಶವನ್ನೆಲ್ಲ ನೆನೆದ.

ಅಪ್ಪನ ಕಾಲದಲ್ಲಿ ಈ ಕಾರು ಕೋಟೆ ರಸ್ತೆಯಲ್ಲಿ ಹೋದರೆ ಜನ ತಿರುಗಿ ನೋಡುತ್ತಿದ್ದರು. ಈಗಲೂ ನೋಡುತ್ತಾರೆ, ತಳ್ಳಬೇಕಾ ಅಂತ. ಮುಂಬೈಯಲ್ಲೂ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ಅಪ್ಪ ಭಾನುವಾರ ಬನಿಯನ್ ಬಟ್ಟೆಯಲ್ಲಿ ಈ ಲೆನ್ಸುಗಳನ್ನೇ ಒರೆಸುತ್ತಾ ಕೂರುತ್ತಿದ್ದರು. ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಯಾಕೆ ಅಂತ ಈಗ ಗೊತ್ತಾಗುತ್ತಿದೆ.

ಇವತ್ತು ಅವನನ್ನೇ ಕರೆಸಿ, ಎದುರು ಕೂತು, ಎಲ್ಲ ಕೆರೆಸಿದೆ. ಹಚ್ಚಿದ್ದಕ್ಕೆ ಆಗಲೇ ದುಡ್ಡು ಕೊಟ್ಟಾಗಿತ್ತು, ಕೆರೆದದ್ದಕ್ಕೆ ಮತ್ತೆ ಕೊಟ್ಟೆ. ತೂತು ಬಿಡಿಸಿದ ಕೂಡಲೇ ನೀರು ಅವನ ಚಪ್ಪಲಿ ಮೇಲೆ ಸುರಿಯಿತು. ಅಷ್ಟು ಸಮಾಧಾನ. ಗ್ಯಾಸ್ಕೆಟ್ ಕೂತಿತು, ಲೈಟು ಹತ್ತಿತು. ಹೊರಡುವಾಗ ಅವನು ಡ್ರೈವರ್ ಬಾಗಿಲ ಕೆಳಗೆ ಬಗ್ಗಿ ನೋಡಿ ಗಾಬರಿಯಾದ.

"ಸಾರ್, ಇಲ್ಲೂ ಸಾಲಾಗಿ ತೂತಿದಾವೆ ನೋಡ್ರಿ!"

ಟ್ಯೂಬ್ ಈಗ ನನ್ನ ಬೀರುವಿನಲ್ಲಿದೆ. ಕೀಲಿ ಹಾಕಿದ್ದೇನೆ.